ರನ್ನನ ದುರ್ಯೋಧನ: ಅಹಂಕಾರವೋ ಅಳಲೋ

ರನ್ನನ ‘ಗದಾಯುದ್ಧ’ವನ್ನು ತೆರೆದು ನೋಡದವರಿಗೂ ಅದರ ದುರ್ಯೋಧನ ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಕಾದಿದವನು ಎಂಬುದು ಗೊತ್ತು. ಪಾಠದಲ್ಲಿ, ಭಾಷಣದಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಈ ಮಾತು ಸವೆದು ನುಣುಪಾಗಿದೆ. ಅದರ ಹಿಂದೆ ಒಂದು ತೀರ್ಪಿದೆ. ಅಹಂಕಾರವೇ ಅವನ ದೋಷ, ಅಹಂಕಾರವೇ ಅವನ ಹಿರಿಮೆ. ತಲೆಬಾಗಲಾರದ ಸೊಕ್ಕು ಅವನನ್ನು ಕೆಡವಿತು, ಬಿದ್ದವನನ್ನು ದೊಡ್ಡವನನ್ನಾಗಿ ಮಾಡಿದ್ದೂ ಅದೇ ಎಂಬುದು ಆ ತೀರ್ಪು. ನಾನು ಇದನ್ನು ಒಪ್ಪಲಾರೆ. ರನ್ನ ಅಹಂಕಾರವನ್ನು ಚೆನ್ನಾಗಿ ಬಲ್ಲ ಕವಿ, ಆದರೆ ಅದಕ್ಕೆ ಅವನು ಹಿರಿಮೆಯ ಪಟ್ಟ ಕಟ್ಟಿಲ್ಲ. ಕಟ್ಟಿದವರು ವಿಮರ್ಶಕರು.

ಈ ಓದಿನ ಬೇರು ಬಿ.ಎಂ.ಶ್ರೀ ಅವರಲ್ಲಿದೆ. ರನ್ನನ ಪದ್ಯಗಳನ್ನೇ ಆಯ್ದು ಹೊಂದಿಸಿ ಅವರು ‘ಗದಾಯುದ್ಧ ನಾಟಕಂ’ (1926) ಕಟ್ಟಿದರು. ಸೊಫೊಕ್ಲಿಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ (1929) ಆಯಿತು, ಈಸ್ಕಿಲಸನ ‘ಪರ್ಷಿಯನ್ನರು’ ನಾಟಕ ‘ಪಾರಸಿಕರು’ (1935) ಆಯಿತು. ಆ ಎರಡು ಗ್ರೀಕ್ ನಾಟಕಗಳಲ್ಲೂ ಮನುಷ್ಯ ತನ್ನ ಎಲ್ಲೆ ಮೀರುತ್ತಾನೆ. ಏಜಾಕ್ಸ್ ರಣರಂಗದಲ್ಲಿ ಅಥೀನಾ ದೇವಿಯ ನೆರವನ್ನೇ ಬೇಡವೆಂದವನು. ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ಕಡಲಿಗೇ ನೊಗ ಹೂಡಲು ಹೊರಟವನು. ರನ್ನನನ್ನು ಅಲಂಕಾರಗಳ ಲೆಕ್ಕದಿಂದ ಬಿಡಿಸಿ, ಉಸಿರಾಡುವ ನಾಟಕಕಾರನೆಂಬಂತೆ ನಮಗೆ ಕೊಟ್ಟದ್ದು ಬಿ.ಎಂ.ಶ್ರೀ ಅವರ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಅವರ ಹಿಂದೆ ಬಂದವರಿಗೆ ಮಾತ್ರ ಗ್ರೀಕರ ಅಳತೆಗೋಲು ರೂಢಿಯಾಗಿಬಿಟ್ಟಿತು. ದುರಂತ ನಾಯಕನಿಗೆ ಒಂದು ದರ್ಪ ಇರಲೇಬೇಕು, ದುರ್ಯೋಧನನಲ್ಲಿ ಅದು ಬೇಕಾದಷ್ಟಿದೆ, ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡರು. ಪದ್ಯಗಳನ್ನು ಕೊನೆಯವರೆಗೆ ಓದುವ ತಾಳ್ಮೆ ಹೋದದ್ದು ಅಲ್ಲೇ.

ಶರಶಯ್ಯೆಯ ಮೇಲಿರುವ ಭೀಷ್ಮ ಈಗಲಾದರೂ ಸಂಧಿಗೆ ಒಪ್ಪು ಎನ್ನುತ್ತಾನೆ. ಛಲದ ಪದ್ಯ ಬರುವುದು ಈ ಸಂದರ್ಭದಲ್ಲಿ, ಮತ್ತು ಎಲ್ಲರ ಬಾಯಲ್ಲಿರುವುದು ಅದರ ಮೊದಲ ಭಾಗ ಮಾತ್ರ. ಮುಂದೆ ದುರ್ಯೋಧನ ಕಾರಣ ಹೇಳುತ್ತಾನೆ. ಈ ನೆಲ ತನಗೆ ಪಾಳು ನೆಲ, ಕರ್ಣನನ್ನು ಕೊಲ್ಲಿಸಿದ ನೆಲ, ಇದರ ಜೊತೆ ತಾನು ಮತ್ತೆ ಕೂಡಿ ಬಾಳುವುದುಂಟೆ ಎಂದು ಕೇಳುತ್ತಾನೆ. ಇಲ್ಲಿ ಆಳುವ ಮಾತೇ ಇಲ್ಲ, ಇರುವುದು ಬಾಳುವ ಮಾತು. ಸೊಕ್ಕಿನ ಅರಸನಿಗೆ ನೆಲವೆಂದರೆ ಸೊತ್ತು. ಈ ಅರಸನಿಗೆ ಅದು ಗೆಳೆಯನ ಸಾವಿನಲ್ಲಿ ಪಾಲುಗೊಂಡು ಮುಖ ನೋಡಲಾಗದಂತಾದ ಸಂಗಾತಿ. ಅದೇ ಸಂದರ್ಭದ ಇನ್ನೊಂದು ಪದ್ಯ ಇದಕ್ಕಿಂತ ಖಚಿತವಾಗಿದೆ. ತನ್ನ ನೆಚ್ಚಿನ ಕರ್ಣನನ್ನೂ ಮುದ್ದಿನ ತಮ್ಮನನ್ನೂ ಕೊಂದ ಅರ್ಜುನ, ಭೀಮರು ಇರುವ ತನಕ, ತನ್ನ ಮೈಯಲ್ಲಿ ಜೀವ ಇರುವ ತನಕ ಸಂಧಿ ಒಲ್ಲೆ ಎನ್ನುತ್ತಾನೆ. ಅವರಿಬ್ಬರನ್ನು ಮುಗಿಸಿ ತನ್ನ ಅಳಲು ಆರಿದರೆ ಆಮೇಲೆ ಧರ್ಮರಾಯನ ಜೊತೆ ಸಂಧಿ ಆಗದೆನ್ನುವೆನೆ ಅಜ್ಜಾ ಎಂದೂ ಕೇಳುತ್ತಾನೆ. ಈ ಮಾತನ್ನು ಸೊಕ್ಕಿನ ಲೆಕ್ಕಕ್ಕೆ ಹೇಗೆ ಸೇರಿಸುವುದು? ಸಿಂಹಾಸನದ ಎದುರಾಳಿ ಧರ್ಮರಾಯ; ಅವನೊಡನೆಯೇ ರಾಜಿಯಾಗಲು ಇವನು ಸಿದ್ಧ. ಅಹಂಕಾರಿ ಯಾವುದನ್ನು ಕೊನೆಯ ತನಕ ಬಿಡನೋ ಅದನ್ನೇ ಇವನು ಬಿಡಬಲ್ಲ. ಬಿಡಲಾರದ್ದು ಸತ್ತವರ ಋಣ. ಅಳಲು ಆರುವುದನ್ನೇ ಅವನು ಷರತ್ತಾಗಿ ಇಟ್ಟಿದ್ದಾನೆ, ಅದೂ ಕೊಲ್ಲದೆ ಆರದ ಅಳಲು. ಅವನ ಕೇಡು ಇರುವುದು ಇಲ್ಲಿ.

ಭೀಷ್ಮನ ಬಳಿಗೆ ಬರುವ ದಾರಿಯೂ ಇದನ್ನೇ ಹೇಳುತ್ತದೆ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತ ಅವನು ಅಭಿಮನ್ಯುವನ್ನು ಕಾಣುತ್ತಾನೆ. ವೈರಿಯ ಮಗ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನ ಮುಂದೆ ನಿಂತು, ನಿನ್ನ ಸಾಹಸದ ಒಂದಂಶಕ್ಕಾದರೂ ತಕ್ಕ ಸಾವು ನಮಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಬೇಡಿಕೊಳ್ಳುತ್ತಾನೆ ಎಂಬುದನ್ನು ಗಮನಿಸಬೇಕು. ಅಹಂಕಾರದ ಮೊದಲ ಲಕ್ಷಣ ಇನ್ನೊಬ್ಬರ ಹಿರಿಮೆ ಕಣ್ಣಿಗೆ ಬೀಳದಿರುವುದು. ದೇವಿಯನ್ನೇ ಬೇಡವೆಂದ ಏಜಾಕ್ಸನ ಪಕ್ಕದಲ್ಲಿ ಇವನನ್ನು ನಿಲ್ಲಿಸುವುದಾದರೆ, ಸತ್ತ ಹುಡುಗನ ಮುಂದೆ ಕೈಯೊಡ್ಡಿದ ಈ ಗಳಿಗೆಗೆ ಆ ಚೌಕಟ್ಟಿನಲ್ಲಿ ಜಾಗವೆಲ್ಲಿ? ಮುಂದೆ ಭೀಷ್ಮನ ಮಾತಿನಂತೆ ಅವನು ವೈಶಂಪಾಯನ ಸರೋವರಕ್ಕೂ ಇಳಿಯುತ್ತಾನೆ. ಬಗ್ಗಲಾರದವನೆಂದು ಹೆಸರಾದವನು ಅಜ್ಜನ ಮಾತಿಗೆ ಬಗ್ಗಿ ನೀರಿನೊಳಗೆ ಅಡಗುತ್ತಾನೆ.

ಇದು ಆಸ್ಥಾನಕವಿಯ ಜಾಣ್ಮೆ, ಭೀಮನಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನು ಕಂಡ ರನ್ನ ವೈರಿಯನ್ನು ದೊಡ್ಡವನಾಗಿಸಿ ಗೆಲುವಿಗೆ ತೂಕ ತಂದ, ಅಷ್ಟೇ ಎನ್ನುವವರಿದ್ದಾರೆ. ಆ ತೂಕಕ್ಕೆ ವೈರಿಯ ತೋಳ್ಬಲ ಸಾಕಿತ್ತು. ಮಗ ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡುವಂತಾಯಿತಲ್ಲ ಎಂದು ಲಕ್ಷಣಕುಮಾರನ ಹೆಣದ ಮುಂದೆ ಅಳುವ ದುರ್ಯೋಧನ ಭೀಮನ ಗೆಲುವನ್ನು ಹಿಗ್ಗಿಸುವುದಿಲ್ಲ, ಅದನ್ನು ಸಂಭ್ರಮಿಸುವುದನ್ನೇ ಕಷ್ಟವಾಗಿಸುತ್ತಾನೆ.

ಹಾಗಾದರೆ ಅವನಲ್ಲಿ ಅಹಂಕಾರವೇ ಇಲ್ಲವೆ ಎಂಬ ಆಕ್ಷೇಪಕ್ಕೆ ಹೆಚ್ಚಿನ ಬಲವಿದೆ. ಇದೆ, ಅದರ ಜಾಗ ಬೇರೆ. ಅದು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಎಳೆಸಿದ ದಿನದ್ದು, ಬಲ ಕೈಯಲ್ಲಿದ್ದ ದಿನದ್ದು. ರನ್ನ ಅದನ್ನು ಮರೆಯಲು ಬಿಟ್ಟಿಲ್ಲ. ಸಿಂಹಾವಲೋಕನದ ಕ್ರಮದಲ್ಲಿ ಹಿಂದಿನದನ್ನೆಲ್ಲ ಮತ್ತೆ ಮತ್ತೆ ಎಳೆದು ತರುತ್ತಾನೆ, ಬಿಚ್ಚಿದ ಮುಡಿಯ ಹಟವನ್ನೇ ಕಾವ್ಯದ ಕಿಚ್ಚಾಗಿಸುತ್ತಾನೆ. ಅಹಂಕಾರವೆಂದರೆ ಇನ್ನೊಬ್ಬರ ಮೇಲೆ ನಡೆದ ಕೆಲಸ, ಅದನ್ನು ಉಂಡವರು ಇರುತ್ತಾರೆ. ಅದನ್ನೇ ದುರ್ಯೋಧನನ ಹಿರಿಮೆ ಎನ್ನುವ ವಿಮರ್ಶೆ ದ್ರೌಪದಿಗೆ ಉತ್ತರ ಕೊಡಬೇಕಾಗುತ್ತದೆ. ರಣರಂಗದ ಕುರುರಾಯ ದೊಡ್ಡವನಾಗಿ ಕಂಡರೆ ಅದು ಸಭೆಯ ಆ ಗುಣದಿಂದ ಅಲ್ಲ, ಆ ಗುಣ ಸೋಲಿನಲ್ಲಿ ಕರಗಿ ಕರ್ಣ, ದುಶ್ಶಾಸನ, ಅಭಿಮನ್ಯು ಅವನ ಕಣ್ಣಿಗೆ ಬಿದ್ದದ್ದರಿಂದ. ಛಲದ ಪದ್ಯವನ್ನು ಇನ್ನು ಮುಂದೆ ಕರ್ಣನ ಹೆಸರು ಬರುವ ತನಕ ಓದಿಸಬೇಕು.