ಕೈಯಾರೆ ಕಟ್ಟಿದ ರೇಡಿಯೊ: ಐರ್ಲೆಂಡಿನ ಅಲೆಗಳಿಗೆ ಕಿವಿಗೊಡುವ ಬಗೆ

ಡಬ್ಲಿನ್ ಡಿಜಿಟಲ್ ರೇಡಿಯೊ ಶುರುವಾದದ್ದು 2016ರಲ್ಲಿ. ಅದು ಇಂಟರ್ನೆಟ್ಟಿನಲ್ಲಷ್ಟೇ ಬರುತ್ತದೆ. ಕಾರ್ಯಕ್ರಮ ನಡೆಸಿಕೊಡುವವರು ಸ್ವಯಂಸೇವಕರು. ಖರ್ಚಿಗೆ ಕೇಳುಗರು ತಿಂಗಳು ತಿಂಗಳು ಕೊಡುವ ಸಣ್ಣ ಮೊತ್ತಗಳೇ ಆಸರೆ. ಎಫ್‌ಎಂ ಆರ್‌ಜೆಗಳ ಪಟಪಟ ಮಾತಿಗೆ ಒಗ್ಗಿದ ಕಿವಿಗೆ ಇಂಥ ಸ್ಟೇಷನ್ ಮೊದಮೊದಲು ಕಿರಿಕಿರಿ ಮಾಡುವುದು ಸಹಜ. ಮಾತಾಡುವವರು ಅಲ್ಲಲ್ಲಿ ತಡವರಿಸುತ್ತಾರೆ. ಹಾಡು ಮುಗಿದು ಮೈಕ್ ಆನ್ ಆಗುವಷ್ಟರಲ್ಲಿ ಎರಡು ಮೂರು ಸೆಕೆಂಡು ಏನೂ ಕೇಳಿಸುವುದಿಲ್ಲ. ಯಾರದೋ ಮಲಗುವ ಕೋಣೆಯಲ್ಲಿ ಮುದ್ರಿಸಿಕೊಂಡ ಹನ್ನೆರಡು ನಿಮಿಷದ ತುಣುಕನ್ನು ಮಧ್ಯದಲ್ಲಿ ಕತ್ತರಿಸದೆ ಪೂರ್ತಿ ಹಾಕುತ್ತಾರೆ. ಆ ಕಿರಿಕಿರಿಗೆ ಸೋತು ಬಟನ್ ಒತ್ತಿ ಹೊರಟವರು ಬಹಳ ಒಳ್ಳೆಯದೊಂದನ್ನು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ.

ಸಲಕರಣೆ, ಜಾಗ, ಕೌಶಲ ಎಲ್ಲವನ್ನೂ ಯಾರ ಅಪ್ಪಣೆಗೂ ಕಾಯದೆ ತಾವೇ ಹೊಂದಿಸಿಕೊಂಡು ನಡೆಸುವ ರೇಡಿಯೊ ಇದು. ಐರ್ಲೆಂಡಿನಲ್ಲಿ ಇದಕ್ಕೆ ದೊಡ್ಡ ವಂಶಾವಳಿಯೇ ಇದೆ. ಅದನ್ನು ಸ್ವಲ್ಪ ತಿಳಿದುಕೊಂಡರೆ ಕಿವಿ ತಾನಾಗಿ ಹದಕ್ಕೆ ಬರುತ್ತದೆ.

1916ರ ಈಸ್ಟರ್ ವಾರ. ಬ್ರಿಟಿಷರ ವಿರುದ್ಧ ದಂಗೆಯೆದ್ದವರು ಡಬ್ಲಿನ್ನಿನ ಮುಖ್ಯ ಅಂಚೆ ಕಚೇರಿಯನ್ನು ವಶ ಮಾಡಿಕೊಂಡಿದ್ದಾರೆ. ಅದೇ ರಸ್ತೆಯ ಎದುರು ಬದಿಯಲ್ಲಿ ಮುಚ್ಚಿಹೋದ ಒಂದು ವೈರ್‌ಲೆಸ್ ತರಬೇತಿ ಶಾಲೆ. ಅಲ್ಲಿದ್ದ ಹಾಳು ಯಂತ್ರವನ್ನು ಕೆಲವರು ರಿಪೇರಿ ಮಾಡಿ, ಗುಂಡಿನ ಸುರಿಮಳೆಯ ನಡುವೆಯೇ ಏರಿಯಲ್ ಕಟ್ಟಿ, ಐರಿಷ್ ಗಣರಾಜ್ಯ ಘೋಷಣೆಯಾಗಿದೆ ಎಂದು ಮೋರ್ಸ್ ಸಂಕೇತದಲ್ಲಿ ಸಾರಿದರು. ಸಂದೇಶ ಇಂಥವರಿಗೇ ಎಂದು ಇರಲಿಲ್ಲ. ಅಟ್ಲಾಂಟಿಕ್‌ನಲ್ಲಿ ಸಾಗುವ ಯಾವ ಹಡಗಾದರೂ ಹಿಡಿಯಲಿ, ಸುದ್ದಿ ಅಮೆರಿಕ ಮುಟ್ಟಲಿ ಎಂಬ ಆಸೆ. ಕಳಿಸುವ ಯಂತ್ರ ದಾರಿಗೆ ಬಂತು, ಪಡೆಯುವ ಯಂತ್ರ ಬರಲಿಲ್ಲ. ಯಾರಿಗೆ ಮುಟ್ಟಿತೆಂದು ತಿಳಿಯುವ ದಾರಿಯೇ ಇಲ್ಲದೆ ಅವರು ಹೇಳುತ್ತಲೇ ಹೋದರು. ಜಗತ್ತಿನ ಮೊದಲ ರೇಡಿಯೊ ಪ್ರಸಾರಗಳಲ್ಲಿ ಇದೂ ಒಂದು ಎಂದು ಎಣಿಸುವವರಿದ್ದಾರೆ.

ಸರ್ಕಾರಿ ರೇಡಿಯೊ ಬಂದದ್ದು ಹತ್ತು ವರ್ಷ ಕಳೆದು, 1926ರ ಜನವರಿ 1ರಂದು. 2ಆರ್‌ಎನ್ ಎಂಬ ಹೆಸರಿನ ಆ ಕೇಂದ್ರವನ್ನು ಉದ್ಘಾಟಿಸಿದವರು ಮುಂದೆ ದೇಶದ ಅಧ್ಯಕ್ಷರಾದ ಡಗ್ಲಸ್ ಹೈಡ್. ಅಲ್ಲಿಂದ ಆರು ದಶಕ ಅಲೆಗಳ ಮೇಲೆ ಸರ್ಕಾರದ್ದೇ ಹಿಡಿತ.

ಆ ಹಿಡಿತದಾಚೆ ಹೆಜ್ಜೆ ಇಟ್ಟವರಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ರೋನನ್ ಓ'ರಾಹಿಲಿಯದು. 1916ರ ದಂಗೆಯಲ್ಲಿ ಗುಂಡಿಗೆ ಬಲಿಯಾದ ನಾಯಕನ ಮೊಮ್ಮಗ. ಲಂಡನ್ನಿನಲ್ಲಿ ತಾನು ನೋಡಿಕೊಳ್ಳುತ್ತಿದ್ದ ಹೊಸ ಗಾಯಕನ ರೆಕಾರ್ಡನ್ನು ಯಾವ ಸ್ಟೇಷನ್ನೂ ಹಾಕಲಿಲ್ಲವೆಂದು, ಸ್ಟೇಷನ್ನನ್ನೇ ಮಾಡಲು ಹೊರಟ. ಕೌಂಟಿ ಲೌಥ್‌ನ ಗ್ರೀನೋರ್ ಎಂಬ ಪುಟ್ಟ ಬಂದರು ಅವನ ತಂದೆಯದು. ಅಲ್ಲಿ ಹಡಗೊಂದಕ್ಕೆ ಎತ್ತರದ ಕಂಬ ನಿಲ್ಲಿಸಿ, ಟ್ರಾನ್ಸ್‌ಮಿಟರ್ ಕೂರಿಸಿ, ಇಂಗ್ಲೆಂಡಿನ ಕರಾವಳಿಯಾಚೆ ಕಾನೂನು ಮುಟ್ಟದ ನೀರಿನಲ್ಲಿ ಲಂಗರು ಹಾಕಿಸಿದ. 1964ರ ಈಸ್ಟರ್‌ನಲ್ಲಿ ರೇಡಿಯೊ ಕ್ಯಾರೊಲಿನ್ ಮಾತಾಡಿತು. ಓ'ರಾಹಿಲಿಗೆ ಆಗ 23 ವರ್ಷ.

ಆದರೆ ನನಗೆ ಹೆಚ್ಚು ಹತ್ತಿರವಾಗಿ ಕಾಣುವುದು 1970ರ ಈಸ್ಟರ್. ಐರ್ಲೆಂಡಿನ ಪಶ್ಚಿಮ ತುದಿಯ ಕೊನೆಮಾರಾದಲ್ಲಿ ಐರಿಷ್ ಇನ್ನೂ ಮನೆಮಾತು. ರಾಷ್ಟ್ರೀಯ ರೇಡಿಯೊದಲ್ಲಿ ಆ ಭಾಷೆಗೆ ಸಿಗುತ್ತಿದ್ದ ಹೊತ್ತು ಅತ್ಯಲ್ಪ. ನಾಗರಿಕ ಹಕ್ಕುಗಳ ಚಳವಳಿ ಕಟ್ಟಿಕೊಂಡಿದ್ದ ಅಲ್ಲಿನ ಯುವಜನರು ರಾಸ್ ಮಕ್ ಎಂಬ ಊರಿನಿಂದ ಲೈಸೆನ್ಸ್ ಇಲ್ಲದೆ ತಮ್ಮದೇ ಪ್ರಸಾರ ಶುರುಮಾಡಿದರು. ಹೆಸರು ಸೇರ್ ರಾಡಿಯೊ ಖೊನಮಾರಾ, ಅಂದರೆ ಸ್ವತಂತ್ರ ಕೊನೆಮಾರಾ ರೇಡಿಯೊ. ನಡೆದದ್ದು ಕೆಲವೇ ದಿನ, ಕೇಳಿಸಿದ್ದು ಸುತ್ತಲಿನ ಊರುಗಳಿಗಷ್ಟೇ. ಆದರೂ ಅದು ಆಗುತ್ತದೆ ಎಂದು ಎಲ್ಲರ ಕಿವಿಗೂ ಸಾಬೀತಾಗಿತ್ತು. ಎರಡೇ ವರ್ಷದಲ್ಲಿ, 1972ರ ಈಸ್ಟರ್ ಭಾನುವಾರ, ಸರ್ಕಾರವೇ ಐರಿಷ್ ಭಾಷೆಯ ರಾಡಿಯೊ ನ ಗೇಲ್ತಖ್ತಾ ಕೇಂದ್ರವನ್ನು ತೆರೆಯಿತು. ಇಷ್ಟು ಕಡಿಮೆ ಸಲಕರಣೆಯಿಂದ ಇಷ್ಟು ದೊಡ್ಡ ಫಲ ಪಡೆದ ಭಾಷಾ ಚಳವಳಿಗಳು ಹೆಚ್ಚಿಲ್ಲ.

ಆದ್ದರಿಂದ ಹೊಸಬರಿಗೆ ನನ್ನ ಮೊದಲ ಸಲಹೆ: ರಾಡಿಯೊ ನ ಗೇಲ್ತಖ್ತಾದಿಂದ ಶುರುಮಾಡಿ. ಅದು ಸರ್ಕಾರಿ ಸಂಸ್ಥೆಯ ಭಾಗ ನಿಜ, ಆದರೆ ಹುಟ್ಟಿದ ಕಾರಣವನ್ನು ಮರೆತಿಲ್ಲ. ಭಾಷೆ ಬರುವುದಿಲ್ಲವಲ್ಲ ಎಂದು ಹಿಂಜರಿಯಬೇಡಿ. ಬಾರದಿರುವುದೇ ಆರಂಭಕ್ಕೆ ಅನುಕೂಲ. ಅರ್ಥದ ಹಿಂದೆ ಓಡದೆ ದನಿಯ ಹಿಂದೆ ಹೋಗಬಹುದು. ಡೊನೆಗಲ್, ಕೊನೆಮಾರಾ, ಕೆರಿ, ಈ ಮೂರು ಕಡೆಯ ಆಡುನುಡಿಗಳು ದಿನವಿಡೀ ಒಂದರ ಬೆನ್ನಿಗೊಂದು ಬರುತ್ತವೆ. ಒಂದು ವಾರ ಕೇಳಿದರೆ ಯಾರು ಉತ್ತರದವರು, ಯಾರು ದಕ್ಷಿಣದವರು ಎಂದು ನಿಮಗೇ ಗೊತ್ತಾಗತೊಡಗುತ್ತದೆ. ನಡುವೆ ಶಾನ್ ನೋಸ್ ಎಂಬ ಹಳೆಯ ಶೈಲಿಯ ಹಾಡು ಬಂದರೆ ಕೈಯಲ್ಲಿನ ಕೆಲಸ ಬದಿಗಿಡಿ. ಪಕ್ಕವಾದ್ಯ ಇರುವುದಿಲ್ಲ. ಒಬ್ಬರೇ ಹಾಡುತ್ತಾರೆ, ಉಸಿರು ಎಲ್ಲಿ ಮುಗಿಯಿತೋ ಅಲ್ಲಿ ನಿಲ್ಲಿಸುತ್ತಾರೆ, ಪದದ ಕೊನೆಯ ಅಕ್ಷರವನ್ನು ನಮ್ಮ ಸಂಗೀತದ ಗಮಕದ ಹಾಗೆ ಸಣ್ಣಗೆ ಓಲಾಡಿಸುತ್ತಾರೆ. ಆ ನಿಲುಗಡೆಗಳಿಗೆ ಒಗ್ಗಿದ ಕಿವಿ ಮುಂದೆ ಬೇರೆ ಸ್ಟೇಷನ್‌ಗಳ ಮೌನಕ್ಕೂ ಬೆಚ್ಚುವುದಿಲ್ಲ.

ಎರಡನೆಯದಾಗಿ ಕೇಳಬೇಕಾದದ್ದು ಸಾವಿನ ಸುದ್ದಿ. ಗಾಬರಿಯಾಗಬೇಡಿ. ಐರ್ಲೆಂಡಿನ ಊರು ರೇಡಿಯೊಗಳಲ್ಲಿ ದಿನವೂ ಗೊತ್ತಾದ ಹೊತ್ತಿಗೆ ಮರಣದ ಪ್ರಕಟಣೆ ಓದುತ್ತಾರೆ. ತೀರಿಕೊಂಡವರ ಹೆಸರು, ಹೆಂಗಸಾದರೆ ತವರಿನ ಹೆಸರೂ ಸೇರಿ, ಯಾವ ಊರಿನ ಯಾವ ಕೇರಿ, ದೇಹವನ್ನು ಎಲ್ಲಿ ಎಷ್ಟು ಹೊತ್ತಿನವರೆಗೆ ದರ್ಶನಕ್ಕೆ ಇಡುತ್ತಾರೆ, ಚರ್ಚಿನಲ್ಲಿ ಪೂಜೆ ಎಷ್ಟು ಗಂಟೆಗೆ, ಮಣ್ಣು ಯಾವ ಸ್ಮಶಾನದಲ್ಲಿ. ಓದುವವರ ದನಿಯಲ್ಲಿ ನಾಟಕವಿರುವುದಿಲ್ಲ. ಊರ ಹೆಸರನ್ನು ಮಾತ್ರ ಎಲ್ಲೂ ತಪ್ಪದೆ, ಅವಸರಿಸದೆ ಹೇಳುತ್ತಾರೆ. ಕೇಳುವವರಲ್ಲಿ ಯಾರೋ ಒಬ್ಬರು ಒಲೆ ಆರಿಸಿ ಕೋಟು ಹಾಕಿಕೊಂಡು ಹೊರಡಬೇಕಾಗಿದೆ ಎಂಬ ಅರಿವು ಆ ಓದಿನಲ್ಲಿದೆ. ಜನರಿಗೆ ನಿಜವಾಗಿ ಬೇಕಾದದ್ದನ್ನು ಸರಿಯಾಗಿ ಹೇಳುವ ಈ ಕೆಲಸ ನನ್ನ ದೃಷ್ಟಿಯಲ್ಲಿ ರೇಡಿಯೊ ಕಲೆಯ ಎತ್ತರ.

ಸಮುದಾಯ ರೇಡಿಯೊಗಳು ಆ ದೇಶದ ಕಾನೂನಿನೊಳಗೆ ಬಂದದ್ದು 1990ರ ದಶಕದ ಮಧ್ಯದಲ್ಲಿ. 11 ಕೇಂದ್ರಗಳಿಗೆ ಹದಿನೆಂಟು ತಿಂಗಳ ಪ್ರಾಯೋಗಿಕ ಲೈಸೆನ್ಸ್ ಕೊಟ್ಟು ನೋಡಿದರು. ಈಗ ಸುಮಾರು ಇಪ್ಪತ್ತಿವೆ. ಲಾಭ ಮಾಡಿಕೊಳ್ಳುವಂತಿಲ್ಲ, ಒಡೆತನ ಊರಿನದೇ ಆಗಿರಬೇಕು ಎಂಬುದು ಷರತ್ತು. ಡಬ್ಲಿನ್ನಿನ ಈಶಾನ್ಯ ಭಾಗದ ನಿಯರ್ ಎಫ್‌ಎಂ, ಲೆಟರ್‌ಫ್ರ್ಯಾಕ್‌ನಲ್ಲಿರುವ ಕೊನೆಮಾರಾ ಸಮುದಾಯ ರೇಡಿಯೊ, ಗಾಲ್ವೇ ವಿದ್ಯಾರ್ಥಿಗಳ ಫ್ಲರ್ಟ್ ಎಫ್‌ಎಂ, ಇವುಗಳಲ್ಲಿ ಯಾವುದನ್ನಾದರೂ ಹಾಕಿಕೊಳ್ಳಿ.

ಈಗ ಪೈರೇಟ್‌ಗಳ ಕಾಲಕ್ಕೆ ಬರೋಣ. 1970ರ ದಶಕದ ಕೊನೆಯಿಂದ 1988ರವರೆಗೆ ಐರ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದ ರೇಡಿಯೊಗಳ ಸುಗ್ಗಿ. ಹಳೆಯ 1926ರ ಕಾಯ್ದೆ ಅವುಗಳನ್ನು ತಡೆಯುವಷ್ಟು ಗಟ್ಟಿಯಿರಲಿಲ್ಲ. ಅಧಿಕಾರಿಗಳು ದಾಳಿ ಮಾಡಿ ಟ್ರಾನ್ಸ್‌ಮಿಟರ್ ಹೊತ್ತೊಯ್ದರೆ ಕೆಲವೇ ದಿನದಲ್ಲಿ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಅವುಗಳಲ್ಲಿ ದೊಡ್ಡವು ರೇಡಿಯೊ ನೋವಾ ಮತ್ತು ಸನ್‌ಶೈನ್. ಎರಡನ್ನೂ ಶುರುಮಾಡಿದವರು ಹಿಂದೆ ಕ್ಯಾರೊಲಿನ್ ಹಡಗಿನಲ್ಲಿ ಕೆಲಸ ಮಾಡಿದ್ದವರು. 1983ರ ಮೇ ತಿಂಗಳಲ್ಲಿ ಇವೆರಡರ ಮೇಲೆ ದಾಳಿಯಾದಾಗ ಕೇಳುಗರು ಬೀದಿಗಿಳಿದರು.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ನೋವಾದಂಥವು ಅಮೆರಿಕದ ಮಾದರಿಯ ವ್ಯಾಪಾರ. ಅವುಗಳ ಸ್ವಚ್ಛ, ಹೊಳೆಯುವ ಎಫ್‌ಎಂ ದನಿಯನ್ನು ಮೆಚ್ಚಬಹುದು, ಆದರೆ ನಾವು ಹುಡುಕುತ್ತಿರುವ ಜೀವ ಇರುವುದು ಚಿಕ್ಕವುಗಳಲ್ಲಿ. ಗಾಲ್ವೇಯಲ್ಲಿ ನಾಟಕಕಾರ್ತಿ ಮಾರ್ಗರೆಟ್ಟಾ ಡಾರ್ಸಿ ತಮ್ಮ ಮನೆಯಿಂದಲೇ ನಡೆಸಿದ ರೇಡಿಯೊ ಪೈರೇಟ್ ವುಮನ್ ನೋಡಿ. ಶಕ್ತಿ ಅಲ್ಪ, ಕೆಲವು ಬೀದಿಗಳಾಚೆ ಕೇಳಿಸದು. ಮಾತಾಡುವವರೆಲ್ಲ ಹೆಂಗಸರು. ಗರ್ಭಪಾತದ ಮಾಹಿತಿ ಕೊಡುವುದಕ್ಕೂ ಕಾನೂನಿನ ಅಡ್ಡಿಯಿದ್ದ ಕಾಲ. ಪ್ರಸಾರ ಕಾಯ್ದೆಯ 31ನೇ ಸೆಕ್ಷನ್ನಿನಡಿ ಸಿನ್ ಫೇನ್ ಪಕ್ಷದವರ ದನಿಯನ್ನು ಅಲೆಗಳಿಂದ ಹೊರಗಿಟ್ಟಿದ್ದ ಕಾಲ. ಆ ನಿರ್ಬಂಧ ತೆರವಾದದ್ದು 1994ರಲ್ಲಿ. ಹೊರಗೆ ಆಡಲಾಗದ ಮಾತಿಗೆ ಡಾರ್ಸಿಯವರ ಮನೆ ಜಾಗ ಕೊಟ್ಟಿತು.

1988ರ ಹೊಸ ಕಾನೂನು ದೊಡ್ಡದು ಚಿಕ್ಕದು ಎನ್ನದೆ ಎಲ್ಲವನ್ನೂ ಹಿಡಿಯಿತು. ಪೈರೇಟ್‌ಗೆ ಜಾಹೀರಾತು ಕೊಡುವುದೂ ಜಾಗ ಕೊಡುವುದೂ ಅಪರಾಧವಾಯಿತು. ಆ ವರ್ಷದ ಕೊನೆಯ ದಿನದ ಹೊತ್ತಿಗೆ ಹೆಚ್ಚಿನವು ವಿದಾಯ ಹೇಳಿ ಬಾಗಿಲು ಹಾಕಿದವು. ಕೇಳುಗರು ಆಗ ಮನೆಯಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಗಂಟೆಗಟ್ಟಲೆ ಪ್ರಸಾರವನ್ನು ಐರಿಷ್ ಪೈರೇಟ್ ರೇಡಿಯೊ ಆಡಿಯೊ ಆರ್ಕೈವ್‌ನವರು ಈಗ ಇಂಟರ್ನೆಟ್ಟಿಗೆ ಹಾಕುತ್ತಿದ್ದಾರೆ. ಅವನ್ನು ಕೇಳುವಾಗ ಹಾಡನ್ನು ಬಿಡಿ, ಹಾಡುಗಳ ನಡುವಿನದನ್ನು ಹಿಡಿಯಿರಿ: ಊರ ಅಂಗಡಿಯ ಜಾಹೀರಾತು, ಫೋನ್ ನಂಬರು, ಯಾರಿಗೋ ಹುಟ್ಟುಹಬ್ಬದ ಶುಭಾಶಯ. ಮೀಡಿಯಂ ವೇವ್ ಆದರೆ ಕತ್ತಲಾದಂತೆ ದೂರದ ಸ್ಟೇಷನ್ನೊಂದು ಹಿಂದಿನಿಂದ ನುಸುಳಿ ಬರುತ್ತದೆ. ರಾತ್ರಿ ಆ ಅಲೆಗಳು ಆಕಾಶದ ಮೇಲ್ಪದರಕ್ಕೆ ಬಡಿದು ನೂರಾರು ಮೈಲಿ ದೂರ ಇಳಿಯುವುದೇ ಕಾರಣ. ಎಫ್‌ಎಂ ಹಾಗಲ್ಲ, ಅದು ಕಣ್ಣಳತೆಯ ದೂರ ಹೋಗುತ್ತದೆ. ಅದಕ್ಕೇ ಪೈರೇಟ್‌ಗಳು ಎತ್ತರದ ಜಾಗ ಹುಡುಕುತ್ತಿದ್ದದ್ದು.

ಅಲ್ಲಿಂದ ಮುಂದಿನ ಕೊಂಡಿ ಫ್ಯಾಂಟಮ್ ಎಫ್‌ಎಂ. ಡಬ್ಲಿನ್ನಿನ ಹಿತ್ತಲ ಶೆಡ್ಡಿನಲ್ಲಿ ಪೈರೇಟ್ ಆಗಿ ಹುಟ್ಟಿ, ಹೊಸ ಐರಿಷ್ ಬ್ಯಾಂಡುಗಳನ್ನು ಬೆಳೆಸಿ, 2006ರಲ್ಲಿ ಲೈಸೆನ್ಸಿನೊಂದಿಗೆ ಅಲೆಗೆ ಬಂತು. ಮುಂದೆ ಹೆಸರು ಬದಲಾಗಿ ಟಿಎಕ್ಸ್ಎಫ್‌ಎಂ ಆಯಿತು, 2016ರಲ್ಲಿ ಮುಚ್ಚಿತು. ಡಬ್ಲಿನ್ ಡಿಜಿಟಲ್ ರೇಡಿಯೊ ಕಣ್ಣು ಬಿಟ್ಟದ್ದೂ ಅದೇ ವರ್ಷ.

ಇಂದು ಇಂಥ ಕೆಲಸಕ್ಕೆ ಇಳಿಯುವ ಐರಿಷ್ ಯುವಕ ಯುವತಿಯರ ಬದುಕು ಹಲವು ಹೋಳು. ಹಗಲು ಬೇರೆ ಕೆಲಸ, ಸಂಜೆ ಕಾರ್ಯಕ್ರಮ, ವಾರಾಂತ್ಯ ಸ್ನೇಹಿತರ ಬ್ಯಾಂಡಿಗೆ ಹಾಲ್ ಗೊತ್ತುಮಾಡುವುದು, ನಡುವೆ ಶಾಲೆ ಬಿಟ್ಟ ಮಕ್ಕಳಿಗೆ ಮೈಕ್ ಹಿಡಿಯಲು ಕಲಿಸುವುದು, ಬಾಡಿಗೆಗೆ ಅನುದಾನದ ಅರ್ಜಿ ತುಂಬುವುದು. ಟಿವಿ ಲೈಸೆನ್ಸ್ ಶುಲ್ಕದಲ್ಲಿ ಶೇ. 7ರಷ್ಟು ತೆಗೆದಿಟ್ಟ ಸೌಂಡ್ ಅಂಡ್ ವಿಷನ್ ಎಂಬ ನಿಧಿಯಿಂದ ಲೈಸೆನ್ಸ್ ಇರುವ ಸಮುದಾಯ ರೇಡಿಯೊಗಳಿಗೂ ಕಾರ್ಯಕ್ರಮ ಮಾಡಲು ಹಣ ಸಿಗುತ್ತದೆ. ಡಬ್ಲಿನ್ನಿನ ಬಾಡಿಗೆಯ ಮುಂದೆ ಯಾವ ಹಣವೂ ಸಾಲದು. ಸಾಮಾಜಿಕ ಉದ್ಯಮಿ ಎಂದು ಪತ್ರಿಕೆಗಳು ಅವರನ್ನು ಕರೆಯುತ್ತವೆ. ಅವರು ನಿಜವಾಗಿ ಉಳಿಸಿಕೊಳ್ಳುತ್ತಿರುವುದು ಒಂದು ಕೋಣೆ ಮತ್ತು ಅದರ ಕೀಲಿ.

ಹಾಗಾದರೆ ಒಳ್ಳೆಯದು ಯಾವುದು, ಜೊಳ್ಳು ಯಾವುದು ಎಂದು ಗುರುತಿಸುವುದು ಹೇಗೆ? ನಾನು ಬಳಸುವ ಅಳತೆ ಒಂದೇ: ಕೇಳುವವರು ಹೇಳುವವರಾಗಲು ದಾರಿ ಎಷ್ಟು ಹತ್ತಿರವಿದೆ? ಹೊಸ ದನಿಗಳು ಬರುತ್ತಿವೆಯೇ, ನಿನ್ನೆ ಫೋನಿನಲ್ಲಿ ಮಾತಾಡಿದವರು ಇಂದು ಮೈಕಿನ ಮುಂದಿದ್ದಾರೆಯೇ ಎಂದು ಗಮನಿಸಿ. ತಡವರಿಕೆಯನ್ನೆಲ್ಲ ಮೆಚ್ಚಬೇಕಿಲ್ಲ. ತಯಾರಿಯಿಲ್ಲದೆ ಬಂದು ಹರಟುವುದು ಸೋಮಾರಿತನ; ಅದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹೇಳಲೇಬೇಕಾದದ್ದನ್ನು ಹೇಳುವಾಗ ಬರುವ ತಡವರಿಕೆಯೇ ಬೇರೆ. ನಾಲ್ಕಾರು ಕಾರ್ಯಕ್ರಮ ಕೇಳಿದ ಮೇಲೆ ಈ ಎರಡರ ವ್ಯತ್ಯಾಸದಲ್ಲಿ ನಿಮ್ಮ ಕಿವಿ ಮೋಸಹೋಗುವುದಿಲ್ಲ.

ಗಡಿಯಾರದ ಲೆಕ್ಕ ನೆನಪಿರಲಿ: ಐರ್ಲೆಂಡ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಲ್ಲಿನ ಮಧ್ಯಾಹ್ನದ ಊರು ಸುದ್ದಿ ನಮಗೆ ಸಂಜೆ ಅಡುಗೆಯ ಹೊತ್ತಿಗೆ ಸರಿಯಾಗುತ್ತದೆ. ರಾತ್ರಿಯ ಸಂಗೀತಕ್ಕೆ ನಿದ್ದೆ ಬಿಡಬೇಕಿಲ್ಲ, ಹಳೆಯ ಕಂತುಗಳು ಸಿಗುತ್ತವೆ. ಆದರೆ ಮೊದಲ ಸಲವಾದರೂ ನೇರಪ್ರಸಾರವನ್ನೇ ಕೇಳಿ, ಒಂದು ಗಂಟೆ ಬದಲಾಯಿಸದೆ ಕೇಳಿ. ಇಷ್ಟವಾದರೆ ಸ್ಟೇಷನ್ನಿಗೆ ಎರಡು ಸಾಲು ಬರೆಯಿರಿ, ಎಲ್ಲಿಂದ ಕೇಳಿದಿರಿ ಎಂದು ಊರ ಹೆಸರು ಸೇರಿಸಿ. ಡಬ್ಲಿನ್ನಿನಲ್ಲೋ ಗಾಲ್ವೇಯಲ್ಲೋ ಕೆಲಸಕ್ಕಿರುವ ಕನ್ನಡಿಗರು ಬರೆದು ಸುಮ್ಮನಾಗಬೇಡಿ, ಹತ್ತಿರದ ಸಮುದಾಯ ರೇಡಿಯೊಗೆ ಹೋಗಿ ನಿಮ್ಮದೇ ಕಾರ್ಯಕ್ರಮಕ್ಕೆ ಒಂದು ಗಂಟೆ ಕೇಳಿ ಪಡೆಯಿರಿ.