ಪೋಲಾದ ಅನಿಲವೂ ಪಣಂಬೂರಿನ ಗೊಬ್ಬರವೂ

ತೈಲಬಾವಿಗಳ ಬಾಯಲ್ಲಿ ವೃಥಾ ಉರಿದುಹೋಗುತ್ತಿದ್ದ ಅನಿಲವನ್ನು ಗೊಬ್ಬರವಾಗಿ ಮಾರ್ಪಡಿಸಿದುದನ್ನು ರಸಾಯನವಿಜ್ಞಾನದ ವಿಜಯವೆಂದು ವರ್ಣಿಸುವುದು ವಾಡಿಕೆಯಾಗಿದೆ. ಈ ವರ್ಣನೆ ಸುಳ್ಳಲ್ಲ. ಆದರೆ ಕರ್ನಾಟಕದ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ ಅದು ಸಾಲದು.

ರಸಾಯನಕ್ರಿಯೆಯಲ್ಲಿ ಗುಟ್ಟೇನೂ ಉಳಿದಿರಲಿಲ್ಲ. ಅನಿಲದ ಮುಖ್ಯಾಂಶವಾದ ಮೀಥೇನಿನಿಂದ ಹಬೆಯ ಸಹಾಯದಿಂದ ಜಲಜನಕವನ್ನು ಪಡೆಯಬಹುದು. ಅದನ್ನು ಗಾಳಿಯ ಸಾರಜನಕದೊಡನೆ ಕೂಡಿಸಿದರೆ ಅಮೋನಿಯಾ, ಅದರಿಂದ ಯೂರಿಯಾ. ಜರ್ಮನಿಯಲ್ಲಿ ಅಮೋನಿಯಾ ಕಾರ್ಖಾನೆಯು 1913ರಲ್ಲಿಯೇ ನಡೆದಿತ್ತು. ನಮ್ಮ ದೇಶದಲ್ಲಿಯೂ ಅಸ್ಸಾಮಿನ ನಾಮ್‌ರೂಪದ ಕಾರ್ಖಾನೆ ಅಲ್ಲಿನ ತೈಲಕ್ಷೇತ್ರಗಳ ಅನಿಲದಿಂದ 1969ರಲ್ಲಿ ಗೊಬ್ಬರ ತಯಾರಿಸತೊಡಗಿತು.

ಇನ್ನು 1976ನೆಯ ವರ್ಷವನ್ನು ಗಮನಿಸಬೇಕು. ಮುಂಬಯಿ ಹೈ ಕ್ಷೇತ್ರದಲ್ಲಿ ತೈಲೋತ್ಪಾದನೆ ಆರಂಭವಾದುದು ಆಗ. ಅದೇ ಪಡುಗಡಲ ದಡದ ಪಣಂಬೂರಿನಲ್ಲಿ ಮಂಗಳೂರಿನ ಗೊಬ್ಬರದ ಕಾರ್ಖಾನೆ ಉತ್ಪಾದನೆಗೆ ತೊಡಗಿದುದೂ ಆಗಲೇ. ಅಲ್ಲಿ ಕಡಲ ನಡುವೆ ಅನಿಲ ಉರಿಯುತ್ತಿತ್ತು. ಇಲ್ಲಿ ಅದಕ್ಕಿಂತ ದುಬಾರಿಯಾದ ನಾಫ್ತಾದಿಂದ ಯೂರಿಯಾ ತಯಾರಾಗುತ್ತಿತ್ತು. ತೈಲವನ್ನೆತ್ತಿದಾಗ ಅನಿಲವೂ ಜೊತೆಗೇ ಬರುತ್ತದೆ. ಒಯ್ಯಲು ಕೊಳವೆಯಿಲ್ಲದಿದ್ದರೆ ಉರಿಸದೆ ಗತಿಯಿಲ್ಲ. ಆದುದರಿಂದ ಪ್ರಶ್ನೆಯಿದ್ದುದು ವಿಜ್ಞಾನದಲ್ಲಲ್ಲ, ಕೊಳವೆಯು ಯಾವ ದಿಕ್ಕಿಗೆ ಹೋಗಬೇಕೆಂಬುದರಲ್ಲಿ.

ಅದು ಉತ್ತರಕ್ಕೆ ಹೋಯಿತು. 1980ರ ದಶಕದಲ್ಲಿ ನಿರ್ಮಾಣವಾದ ಹಜೀರಾ–ವಿಜಯಪುರ–ಜಗದೀಶಪುರ ಮಾರ್ಗವು (ಈ ವಿಜಯಪುರ ನಮ್ಮದಲ್ಲ, ಮಧ್ಯಪ್ರದೇಶದ್ದು) ಉದ್ದಕ್ಕೂ ಗೊಬ್ಬರದ ಕಾರ್ಖಾನೆಗಳನ್ನು ಸಾಕಿತು. ಮದರಾಸು, ತೂತ್ತುಕುಡಿ, ಮಂಗಳೂರು, ದಕ್ಷಿಣದ ಈ ಮೂರು ಕಾರ್ಖಾನೆಗಳೇ ಕೊನೆಯವರೆಗೂ ನಾಫ್ತಾವನ್ನು ನಂಬಿ ಉಳಿದುವು. 2013ರಲ್ಲಿ ದಾಭೋಳದಿಂದ ಬೆಂಗಳೂರಿಗೆ ಬಂದ ಕೊಳವೆಯೂ ಘಟ್ಟವನ್ನಿಳಿದು ಪಣಂಬೂರನ್ನು ಮುಟ್ಟಲಿಲ್ಲ.

ಇಷ್ಟು ದೀರ್ಘವಾದ ವಿಳಂಬದ ವಿರುದ್ಧ ನಾಡಿನಲ್ಲಿ ದೊಡ್ಡ ಕೂಗೇಳದಿರುವುದಕ್ಕೆ ಕಾರಣವುಂಟು. ಯೂರಿಯಾದ ಮಾರಾಟದ ಬೆಲೆಯನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. ನಾಫ್ತಾದ ಹೆಚ್ಚಿನ ವೆಚ್ಚವು ಸಹಾಯಧನದ ರೂಪದಲ್ಲಿ ಬೊಕ್ಕಸದ ಮೇಲೆ ಬಿದ್ದಿತೇ ಹೊರತು ಮಂಡ್ಯದ ರೈತನು ಕೊಳ್ಳುವ ಚೀಲದ ಮೇಲೆ ಬೀಳಲಿಲ್ಲ. ತನಗೆ ತಟ್ಟದ ನಷ್ಟವನ್ನು ಕುರಿತು ಅವನು ದೂರುವುದಾದರೂ ಹೇಗೆ? ನಮ್ಮ ಕೃಷಿಚರಿತ್ರೆಯನ್ನು ಬರೆಯುವವರು ಬೀಜ, ನೀರು, ಇಳುವರಿಗಳಿಗೆ ಕೊಡುವ ಗಮನವನ್ನು ಈ ಲೆಕ್ಕಕ್ಕೂ ಕೊಡತಕ್ಕದ್ದು.

ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಸುಮಾರು 450 ಕಿಲೋಮೀಟರ್ ಹಾಯ್ದು ಅನಿಲವು ಪಣಂಬೂರನ್ನು ಸೇರಿದುದು 2020ರ ಡಿಸೆಂಬರಿನಲ್ಲಿ. ಆದರೆ ಅದು ಪಡುಗಡಲ ಬಾವಿಗಳಲ್ಲಿ ಪೋಲಾಗುತ್ತಿದ್ದ ಅನಿಲವಲ್ಲ. ಹೊರದೇಶದಲ್ಲಿ ಕ್ರಯಕ್ಕೆ ಕೊಂಡು, ದ್ರವರೂಪದಲ್ಲಿ ಹಡಗಿನಿಂದ ತಂದು, ಕೊಚ್ಚಿಯಲ್ಲಿ ಮತ್ತೆ ಅನಿಲವನ್ನಾಗಿಸಿದುದು.