ಒಂದು ಅಡ್ಡಗೆರೆಯ ಬೆಲೆ

ದೀಕ್ಷಾಸ್ನಾನದ ಪ್ರಮಾಣಪತ್ರದಲ್ಲಿ ಒಂದಕ್ಷರ ತಪ್ಪಿದ್ದರೂ ಅದನ್ನು ತಿದ್ದಿಸಲು ಎಷ್ಟು ಅಲೆಯಬೇಕೆಂಬುದನ್ನು ನಮ್ಮ ಕುಟುಂಬಗಳು ಬಲ್ಲವು. ಆದರೆ ಸರ್ಕಾರವೇ 'ನಿನ್ನ ಧರ್ಮದ ಬಗ್ಗೆ ಸುಳ್ಳು ಬರೆದುಕೊಡು, ಇಲ್ಲವಾದರೆ ಗುರುತಿನ ಚೀಟಿಯಿಲ್ಲ' ಎಂದರೆ ಪ್ರಜೆಯು ಎಲ್ಲಿಗೆ ಹೋಗಬೇಕು? ಈಜಿಪ್ಟಿನ ಬಹಾಯಿ ಧರ್ಮೀಯರಿಗೆ ಒದಗಿದ್ದು ಇದೇ ಸಂಕಟ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಈಜಿಪ್ಟಿನದೇ ಆದ ಹಕ್ಕುಗಳ ಸಂಘಟನೆಯೊಂದರ ಜೊತೆಗೂಡಿ 2007ರ ನವೆಂಬರಿನಲ್ಲಿ ಹೊರತಂದ 'ಪ್ರೊಹಿಬಿಟೆಡ್ ಐಡೆಂಟಿಟೀಸ್' ಎಂಬ ವರದಿ ಈ ಸಂಕಟದ ದಾಖಲೆಯಾಗಿದೆ.

ಆಗ ಆ ದೇಶದಲ್ಲಿ ಹದಿನಾರು ವರ್ಷ ತುಂಬಿದವರೆಲ್ಲರೂ ರಾಷ್ಟ್ರೀಯ ಗುರುತಿನ ಚೀಟಿ ಪಡೆಯಬೇಕಿತ್ತು. ಅದರಲ್ಲಿ ಧರ್ಮದ ಕಾಲಂ ಇದೆ. ಅಧಿಕಾರಿಗಳು ಒಪ್ಪುತ್ತಿದ್ದುದು ಮೂರನ್ನು ಮಾತ್ರ: ಇಸ್ಲಾಂ, ಕ್ರೈಸ್ತ, ಯೆಹೂದ್ಯ. 1960ರಲ್ಲಿ ಅಧ್ಯಕ್ಷ ನಾಸರ್ ಅವರ ಆಜ್ಞೆಯು ಬಹಾಯಿ ಸಂಸ್ಥೆಗಳನ್ನು ವಿಸರ್ಜಿಸಿತ್ತು. ಆದರೂ ಕೈಬರಹದ ಚೀಟಿಗಳ ಕಾಲದಲ್ಲಿ ಕೆಲವು ಗುಮಾಸ್ತರು ಆ ಕಾಲಂನಲ್ಲಿ ಅಡ್ಡಗೆರೆ ಎಳೆದೋ 'ಇತರೆ' ಎಂದು ಬರೆದೋ ಕೊಡುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಆ ಸಣ್ಣ ಔದಾರ್ಯದ ಬಾಗಿಲೂ ಮುಚ್ಚಿತು. ಚೀಟಿಯಿಲ್ಲದವನಿಗೆ ನೌಕರಿಯಿಲ್ಲ, ಬ್ಯಾಂಕ್ ವ್ಯವಹಾರವಿಲ್ಲ, ಕಾಲೇಜು ಪ್ರವೇಶವಿಲ್ಲ.

ವರದಿಯ ಹಿರಿಮೆ ಇರುವುದು ಅದು ತೆರೆದಿಡುವ ಒಂದು ಸತ್ಯದಲ್ಲಿ. ನಾಗರಿಕ ದಾಖಲೆಗಳನ್ನು ಕುರಿತ 1994ರ ಕಾನೂನು ಧರ್ಮಗಳನ್ನು ಮೂರಕ್ಕೆ ಸೀಮಿತಗೊಳಿಸಿಯೇ ಇರಲಿಲ್ಲ! ಅನ್ಯಾಯ ನಡೆದದ್ದು ಶಾಸನದ ಅಕ್ಷರದಿಂದಲ್ಲ, ಧರ್ಮಶಾಸ್ತ್ರಕ್ಕೆ ಅಧಿಕಾರಿಗಳು ತಾವೇ ಕೊಟ್ಟುಕೊಂಡ ಅರ್ಥದಿಂದ. ಇಸ್ಲಾಂ ಸ್ವೀಕರಿಸಿ ಮತ್ತೆ ಕ್ರೈಸ್ತ ವಿಶ್ವಾಸಕ್ಕೆ ಮರಳಿದ ಕಾಪ್ಟಿಕ್ ಬಂಧುಗಳ ಪಾಡನ್ನೂ, ತಂದೆ ಮತಾಂತರಗೊಂಡನೆಂದು ಮಕ್ಕಳ ದಾಖಲೆಯಲ್ಲೂ ಧರ್ಮ ಬದಲಾದ ಪ್ರಸಂಗಗಳನ್ನೂ ವರದಿ ಬಿಡಿಸಿಡುತ್ತದೆ. ಕೊರತೆಯೆಂದರೆ, ಅದರ ಭಾಷೆ ಬಹುಪಾಲು ನ್ಯಾಯಾಲಯದ್ದು. ಸಾಮಾನ್ಯ ಓದುಗನಿಗೆ ಅಲ್ಲಲ್ಲಿ ಶುಷ್ಕವೆನಿಸುತ್ತದೆ.

ಮುಂದಿನ ಕಥೆ ವರದಿಯಾಚೆಗಿನದು. 2006ರ ಏಪ್ರಿಲಿನಲ್ಲಿ ಕೆಳ ನ್ಯಾಯಾಲಯವೊಂದು ಬಹಾಯಿಗಳ ಪರ ನೀಡಿದ್ದ ತೀರ್ಪನ್ನು ಅದೇ ಡಿಸೆಂಬರಿನಲ್ಲಿ ಸರ್ವೋಚ್ಚ ಆಡಳಿತ ನ್ಯಾಯಾಲಯ ರದ್ದುಗೊಳಿಸಿತ್ತು. ಆಗ ಅವರು ಬೇಡಿಕೆಯನ್ನು ತಗ್ಗಿಸಿಕೊಂಡರು: ನಮ್ಮ ಧರ್ಮದ ಹೆಸರು ಬೇಡ, ಕಾಲಂನಲ್ಲಿ ಒಂದು ಅಡ್ಡಗೆರೆ ಸಾಕು. 2008ರ ಜನವರಿಯಲ್ಲಿ ಅದಕ್ಕೆ ಅನುಮತಿ ದೊರೆಯಿತು. 2009ರ ಮಾರ್ಚಿನಲ್ಲಿ ಅದು ಅಂತಿಮವಾಗಿ ಸ್ಥಿರಪಟ್ಟು, ಆಗಸ್ಟಿನಲ್ಲಿ ಮೊದಲ ಚೀಟಿಗಳು ಕೈಸೇರಿದವು.

ಇದು ಗೆಲುವೇ? ಹೌದು, ಆದರೆ ಅರ್ಧ ಗೆಲುವು. ತಾನು ಯಾರೆಂದು ಹೇಳುವ ಹಕ್ಕು ಅವರಿಗೆ ದಕ್ಕಲಿಲ್ಲ. ಸುಳ್ಳು ಹೇಳದಿರುವ ಹಕ್ಕು ಮಾತ್ರ ದಕ್ಕಿತು. ಆ ಗೆರೆಯೇ ಅವರನ್ನು ಬೇರೆಯೆಂದು ತೋರಿಸುವ ಗುರುತೂ ಆಯಿತು. ಅವರ ವಿವಾಹಗಳ ನೋಂದಣಿಯ ತೊಡಕು ಆಮೇಲೂ ಉಳಿಯಿತು.

ಧರ್ಮದ ವಿಷಯದಲ್ಲಿ ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಬಲವಂತಪಡಿಸಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಅದು ನಮಗಷ್ಟೇ ಹೇಳಿದ ಮಾತಲ್ಲ. ಆ ಕಚೇರಿಯ ಕಿಟಕಿಯೆದುರು 'ಮುಸ್ಲಿಂ' ಎಂದೋ 'ಕ್ರೈಸ್ತ' ಎಂದೋ ಸುಳ್ಳಾಡಿದವನಿಗೆ ಚೀಟಿ ಸುಲಭವಾಗಿ ಸಿಗುತ್ತಿತ್ತು. ಸತ್ಯ ನುಡಿದವನು ಬರಿಗೈಯಲ್ಲಿ ಮರಳುತ್ತಿದ್ದ. 'ಕ್ರೈಸ್ತ' ಎಂಬ ಪದವೂ ಅಲ್ಲಿ ಸುಳ್ಳಿಗೆ ಆಸರೆಯಾಗಬಹುದಿತ್ತು ಎಂಬುದನ್ನು ನೆನೆದಾಗ, ಬೇರೆ ಧರ್ಮೀಯರ ಈ ವ್ಯಾಜ್ಯ ನಮ್ಮದೂ ಹೌದೆಂದು ಅರಿವಾಗುತ್ತದೆ.